ಬಲಗೈ ಸಾಲ

ಬಚ್ಚಲಲ್ಲಿ ಜಾರಿ ಬಿದ್ದು ಅಂಬಮ್ಮನ ಬಲ ಮುಂಗೈ ಮುರಿಯಿತು.
ರಾಯಚೂರಿನ ದೊಡ್ಡಾಸ್ಪತ್ರೆಯಿಂದ
ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ
ಖಾನಾವಳಿ ಬಾಗಿಲಲ್ಲಿ ತಿಂಗಳ ಊಟದ ಹದಿನಾಲ್ಕು ಮಂದಿ,
ಕೈ ಹೇಗಿದೆ ಎಂದು ಕೇಳುತ್ತಾ
ಹಂಚು ನೋಡುತ್ತಾ.
"ಯಾರದರ ಕೈ ಖಾಲಿ ಅದನು?" ಅಂದಳು.
ನನ್ನ ಪಾಳಿಗಿನ್ನೂ ಐದು ತಾಸಿತ್ತು.
ಎದ್ದೆ.

ನಾನು ಶಕ್ತಿನಗರದಲ್ಲಿ ಬಾಯ್ಲರ್ ಕಾಯುವವನು.
ಐನೂರು ಡಿಗ್ರಿ ದಾಟಿದ ಉಗಿ ನನಗೆ
ಪರದೆಯ ಮೇಲೊಂದು ಹಸಿರು ಅಂಕಿ.
ಹೆಚ್ಚಾದರೆ ಗಂಟೆ ಬಾರಿಸುತ್ತದೆ, ಕಡಿಮೆಯಾದರೂ ಬಾರಿಸುತ್ತದೆ.
ಹನ್ನೊಂದು ವರ್ಷ ಬೆಂಕಿಯ ಸಂಬಳ ಉಂಡರೂ
ಒಂದು ಬೊಬ್ಬೆ ಎದ್ದಿಲ್ಲ ಕೈಗೆ.

"ಎಸರು ಎಷ್ಟು ಕುದೀಬೇಕು?"
"ಗುಳ್ಳಿ ತಳದಾಗ ಪಿಸಪಿಸ ಅಂತಾವಲ್ಲ,
ಅವು ಜಗಳಕ್ಕ ನಿಂತಾಗ ಇಳಿಸು."

ಬಿಳಿಜೋಳದ ಹಿಟ್ಟಿಗೆ ಗುಣಿ ತೋಡಿ ಎಸರು ಸುರಿದೆ,
ಸೌಟು ಬಿಟ್ಟು ಬೆರಳು ಹಾಕಿದೆ, ಸುಟ್ಟುಕೊಂಡೆ.
ಮೊನ್ನೆ ಬೀಸಿಸಿದ ಹಿಟ್ಟಿಗೆ ಜಿಗಿ ಇರುತ್ತದಂತೆ,
ತಿಂಗಳಾದದ್ದು ಎಸರು ಹೆಚ್ಚು ಬೇಡುತ್ತದಂತೆ,
ಮಳೆಗಾಲದ್ದಕ್ಕೆ ಬೇರೆಯೇ ಲೆಕ್ಕವಂತೆ.
ಆ ಲೆಕ್ಕ ಏನು ಎಂದರೆ
"ಮಳಿಗಾಲ ಬರಲಿ, ಹೇಳ್ತೀನಿ."
ಅಂಗೈಯ ಬುಡದಿಂದ ನಾದು. ಇನ್ನೂ. ಇನ್ನೂ.
ಅವಳ ತವರು ದೇವದುರ್ಗದಿಂದ ಬಂದ ಬೇವಿನ ಕೊಣಮಿಗೆ,
ಸೀಳು ಬಿಟ್ಟಲ್ಲಿ ತಗಡಿನ ತೇಪೆ;
ಅದರ ಮೇಲೆ ನನ್ನ ಮೊದಲ ರೊಟ್ಟಿ ಎತ್ತುವಾಗಲೇ ಮೂರು ಹೋಳು.
ಎರಡನೆಯದಕ್ಕೆ ಬಾಲ ಬಂತು.
ಹದಿನಾಲ್ಕು ಮಂದಿ ಮಜ್ಜಿಗೆಯಲ್ಲಿ ಮುರಿದುಕೊಂಡು ಉಂಡರು,
ಯಾರೂ ನನ್ನ ಮುಖ ನೋಡಲಿಲ್ಲ.

ಎರಡನೆಯ ವಾರ ಅವಳು ಒಳಕೋಣೆಯಲ್ಲಿ
ಗೋಡೆ ಕಡೆ ತಿರುಗಿ ಮಲಗಿದ್ದಳು.
ನಾನು ಬಡಿಯುತ್ತಿದ್ದೆ.
"ಎಡಕ್ಕ ದಪ್ಪ ಅದ."
ಬಗ್ಗಿ ನೋಡಿದೆ. ಇತ್ತು.
"ರೊಟ್ಟಿ ತಿರುಗವಲ್ದು, ನೀನೇ ತಿರುಗಾಕ ಹತ್ತೀದಿ."
ಹೌದು, ಮೊಣಕಾಲ ಮೇಲೆ ಅರ್ಧ ಸುತ್ತು ಬಂದಿದ್ದೆ.
ಹಂಚಿಗೆ ಹಾಕಿ, ಅವಳ ಹಳೆ ಇಳಕಲ್ ಸೀರೆಯ ತುಂಡನ್ನದ್ದಿ
ಮೇಲೆ ನೀರು ಸವರಿದೆ.
"ತಿರುವು."
"ಇನ್ನೂ ಹಸಿ ಅದಲ್ಲ?"
"ತಿರುವೋ ಮಾರಾಯ, ಸುಯ್ ಅನ್ನೋದು ನಿಂತು ಎಷ್ಟೊತ್ತಾತು!"
ತಿರುವಿದೆ. ಕೆಂಡದ ಮಗ್ಗುಲಿಗೆ ಆನಿಸಿದೆ.
ಅದು ಮೆಲ್ಲಗೆ, ಯಾರೋ ಒಳಗಿನಿಂದ ಉಸಿರು ಎಳೆದಂತೆ,
ಉಬ್ಬಿತು.
ಒಳಕೋಣೆಯಿಂದ ಮಾತು ಬರಲಿಲ್ಲ.
ಅಷ್ಟು ಸಾಕಾಯಿತು.

ಆ ರಾತ್ರಿ ಕಂಟ್ರೋಲ್ ರೂಮಿನಲ್ಲಿ
ಅಂಕಿಗಳಿಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ಕೇಳಿದೆ:
ಬಾಯ್ಲರ್ ಏನಾದರೂ ಅನ್ನುತ್ತದೇನೋ.
ಎಸಿಯ ಗುಂಯ್‌ಗುಡುವಿಕೆ, ಅಷ್ಟೇ.
"ನಿದ್ದಿ ಬಂತೇನು?" ಅಂದ ಪಕ್ಕದ ಕುರ್ಚಿಯ ಖಾಸೀಮಸಾಬ.
ಡಬ್ಬಿ ಬಿಚ್ಚಿದೆವು. ಗುರೆಳ್ಳು ಪುಡಿ, ಎಣ್ಣೆ, ಆರಿದ ರೊಟ್ಟಿ.
"ಅಂಬವ್ವಂದಲ್ಲ ಇದು," ಅಂದ,
ಅಂದು ಇನ್ನೊಂದು ತೊಗೊಂಡ.

ಆರು ವಾರಕ್ಕೆ ಪ್ಲಾಸ್ಟರ್ ಒಡೆದರು.
ಒಳಗಿನಿಂದ ಬಂದ ಕೈ ಎಷ್ಟು ಸಣ್ಣದಿತ್ತೆಂದರೆ
ಬಳೆಗಳು ಮೊಣಕೈವರೆಗೆ ಓಡಾಡುತ್ತಿದ್ದವು.
ಮರುದಿನವೇ ನನ್ನನ್ನು ಕೊಣಮಿಗೆಯಿಂದ ಎಬ್ಬಿಸಿದಳು.
ನಾನು ಹೊರಗೆ ಹದಿನಾಲ್ಕರಲ್ಲಿ ಒಬ್ಬನಾಗಿ
ಗೋಡೆಗೆ ಒರಗಿ, ತಾಟು ತೊಡೆ ಮೇಲಿಟ್ಟು ಕೂತೆ.
ಒಳಗೆ ಬಡಿತ ಶುರುವಾಯಿತು.
ಟಪ್ ಟಪ್ ಟಪ್, ನಡುವೆ ಒಂದು ತಡವರಿಕೆ,
ಮತ್ತೆ ಟಪ್.

ಎಡಕ್ಕೆ ದಪ್ಪ.

ಬಾಯಿವರೆಗೆ ಬಂದದ್ದನ್ನು ನುಂಗಿದೆ.
ಅವಳೇ ತಂದು ತಾಟಿಗೆ ಹಾಕಿದಳು,
ಎಡಗಡೆ ನನ್ನ ಕಡೆ ಬರುವ ಹಾಗೆ.
"ಕೇಳಿಸ್ತಲ್ಲ?" ಅಂದಳು, ಮೆಲ್ಲಗೆ.
"ಪುಂಡಿಪಲ್ಯ ಹಾಕು," ಅಂದೆ.